ಇಗರ್ಜಿಯ ಸುತ್ತುಮೆಟ್ಟಿಲು

ಆ ಹಳೆಯ ಇಗರ್ಜಿಯ ಗೋಡೆ ಎಷ್ಟು ದಪ್ಪವೆಂದರೆ, ಒಳಗೆ ಸೀನಿದ ಸದ್ದು ಹೊರಗೆ ಬರುವಷ್ಟರಲ್ಲಿ ಸೀನಿದವನ ನೆಗಡಿಯೇ ವಾಸಿಯಾಗುತ್ತಿತ್ತು. ಅಂಥ ಕೋಟೆಯೊಳಗಿಂದ ಹಾಡಹಗಲೇ ತಾಮ್ರದ ಫಲಕ ಮಾಯವಾಯಿತು. ಇಗರ್ಜಿ ಕಟ್ಟಿದವರ ಹೆಸರಿದ್ದ ಫಲಕ. ಪೀಠದ ಕೆಳಗೆ ಹಿಂದಿನ ದಿನವಷ್ಟೇ ಸಿಕ್ಕಿತ್ತು. ಅದನ್ನಿಟ್ಟಿದ್ದ ಕೋಣೆಯ ಬೀಗದ ಕೈ ಇದ್ದದ್ದು ಗಂಟೆ ಹೊಡೆಯುವ ತಾತನ ಬಳಿ ಮಾತ್ರ.

"ನಲವತ್ತು ವರ್ಷ ನಂಬಿದ್ದಕ್ಕೆ ಕಳ್ಳತನಾನಾ ತಾತ?" ಫಾದರ್ ಜನರೆದುರೇ ಗುಡುಗಿದರು. "ನಾಲ್ಕು ಗಂಟೆಯೊಳಗೆ ಫಲಕ ಬರದಿದ್ರೆ ಕೆಲಸವೂ ಇಲ್ಲ, ಮಲಗೋಕೆ ಕೋಣೆಯೂ ಇಲ್ಲ."



"ನಾನೇ ಕಂಡೆ," ಎಂದರು ಇಗರ್ಜಿಯ ಇತಿಹಾಸ ಬರೆಯುತ್ತಿದ್ದ ಮೇಷ್ಟ್ರು, ಕಂಕುಳಲ್ಲಿ ನಕ್ಷೆಗಳ ಚೀಲ ಅವುಚಿಕೊಂಡು, ಕಾಗೆಯೂ ನಾಚುವಂಥ ಕರಿ ಕೋಟಿನ ಕಾಲರು ಸರಿಪಡಿಸಿಕೊಳ್ಳುತ್ತ. "ಹನ್ನೆರಡರ ಗಂಟೆ ಮುಗಿದಾಗ ಗಾಯನದ ಅಟ್ಟದ ಮೇಲಿದ್ದೆ. ತಾತ ಆ ಕೋಣೆಯಿಂದ ಗಂಟು ಹಿಡ್ಕೊಂಡು ಹೋದ್ರು."

ಇಗರ್ಜಿಯಲ್ಲೇ ಬಿಡಾರ ಹೂಡಿ ಗಾರೆ ರಿಪೇರಿ ಮಾಡುತ್ತಿದ್ದ ಅತ್ತಿಗೆ-ಮೈದುನರಲ್ಲಿ ಅತ್ತಿಗೆ, ಗಾರೆ ಸವರುವ ಕರಣೆ ಕೆಳಗಿಟ್ಟಳು. ಪೊಲೀಸರ ದಂಡೆಲ್ಲ ಸೇರಿದರೂ ಆ ಕರಣೆಯ ತುದಿಗೆ ಸಮನಲ್ಲವೆಂದು, ಸುಣ್ಣ ಕಲಸುವ ಅವಳ ಮೈದುನನ ಖಚಿತ ಅಭಿಪ್ರಾಯ.

"ಅತ್ತಿಗೆ, ಏನಾದ್ರೂ ಮಾಡಿ!" ಎಂದ ಮೈದುನ.

"ಮೊದ್ಲು ಮೆಟ್ಟಿಲು ನೋಡೋಣ, ಬಾರೋ."

ಅಟ್ಟಕ್ಕೆ ಇದ್ದದ್ದು ಒಂದೇ ದಾರಿ: ಗೋಪುರದ ಗೋಡೆಯೊಳಗಿನ ಸುತ್ತುಮೆಟ್ಟಿಲು. ಬೆಕ್ಕು ಕೂಡ ಉಸಿರು ಬಿಗಿಹಿಡಿದೇ ಹತ್ತಬೇಕು, ಅಷ್ಟು ಇಕ್ಕಟ್ಟು. ಬೆಳಗ್ಗೆಯಷ್ಟೇ ಅದರ ಎರಡೂ ಬದಿಗೆ ಹಸಿ ಗಾರೆ ಬಳಿದಿದ್ದರು. ಹನ್ನೊಂದಕ್ಕೆ ಹತ್ತಿ ನೋಡಿಬಂದ ಫಾದರ್ ಎರಡೂ ಭುಜ ಬಿಳಿ ಮಾಡಿಕೊಂಡು ಅತ್ತಿಗೆಯ ಬೈಗುಳ ತಿಂದಿದ್ದರು. ಆ ಗುರುತನ್ನು ಅವಳು ಹನ್ನೆರಡರ ಗಂಟೆಗೆ ಮುಂಚೆಯೇ ಸವರಿ ಮುಚ್ಚಿದ್ದಳು. ಈಗ ಗಾರೆ ಕನ್ನಡಿಯಂತೆ ನುಣುಪಾಗಿತ್ತು.

ನಾಲ್ಕಕ್ಕೆ ಎಲ್ಲರೂ ಪೀಠದ ಮುಂದೆ ಸೇರಿದರು.

"ಫಾದರ್, ನಿಮ್ಮ ಭುಜ ನೋಡ್ಕೊಳ್ಳಿ. ಈಗ ಮೇಷ್ಟ್ರ ಕೋಟು ನೋಡಿ," ಎಂದಳು ಅತ್ತಿಗೆ. "ಹಸಿ ಗಾರೆಗೆ ತಾಗದೆ ಅಟ್ಟ ಹತ್ತೋಕೆ ಇವರೇನು ಹೊಗೆಯಾ? ಗೋಡೆ ಮೇಲೂ ಗುರುತಿಲ್ಲ, ಕೋಟಿನ ಮೇಲೂ ಇಲ್ಲ. ಹತ್ತಿದ್ದೇ ಸುಳ್ಳು."

"ಬೀಗದ ಕೈ?" ಎಂದರು ಫಾದರ್.

"ಹಗ್ಗ ಎಳೆಯೋಕೆ ತಾತನಿಗೆ ಎರಡೂ ಕೈ ಬೇಕು. ಕೀಲಿಕೈಯನ್ನ ಬೆನ್ನ ಹಿಂದಿನ ಮೊಳೆಗೆ ಹಾಕ್ತಾರೆ. ಗಂಟೆ ಮುಗಿಯೋದ್ರೊಳಗೆ ಮೇಷ್ಟ್ರು ತಗೊಂಡು, ಕೆಲಸ ಮುಗಿಸಿ, ಮತ್ತೆ ಅಲ್ಲೇ ಹಾಕಿದ್ರು. ಫಲಕ ಇಲ್ಲೀವರೆಗೆ ಓದಿದ್ದೂ ಅವರೊಬ್ಬರೇ. ಮಧ್ಯಾಹ್ನದಿಂದ ಕಂಕುಳಿಂದ ಇಳಿಸದ ಆ ನಕ್ಷೆ ಚೀಲ ಬಿಚ್ಚಿ, ಮೇಷ್ಟ್ರೇ."

ಮೇಷ್ಟ್ರು ಚೀಲ ಅಪ್ಪಿಕೊಂಡರು. ಮೈದುನ ಕಸಿದುಕೊಂಡ. ನಕ್ಷೆಗಳ ನಡುವಿನಿಂದ ಫಲಕ ಠಣ್ಣೆಂದು ಬಿತ್ತು.

"ಇಗರ್ಜೀನ ಆಗಿನ ಗವರ್ನರ್ ಕಟ್ಟಿಸಿದ ಅಂತ ಪುಸ್ತಕ ಅಚ್ಚಿಗೆ ಕೊಟ್ಟಾಗಿತ್ತು," ಮೇಷ್ಟ್ರು ಗೊಣಗಿದರು. "ಇದರಲ್ಲಿ ನೋಡಿದ್ರೆ ಸುಣ್ಣ ಸುಡೋ ಹೆಂಗಸರ ಹೆಸರು!"

ಫಾದರ್ ತಾತನ ಬಳಿ ಬಗ್ಗಿ ಪಿಸುಗುಟ್ಟಿದರು: "ತಪ್ಪಾಯ್ತು."

"ಏನಂದ್ರಿ? ಗಂಟೆ ಹೊಡೆದೂ ಹೊಡೆದೂ ಕಿವಿ ಮಂದ, ಫಾದರ್."

"ತಪ್ಪಾಯ್ತು, ತಾತ."

"ಇನ್ನೊಂಚೂರು ಜೋರಾಗಿ."

ಮೂರನೆಯ ಸಲ ಫಾದರ್ ಹೇಳಿದ್ದು ಕಮಾನುಗಳಿಗೆಲ್ಲ ಬಡಿದು, ಕೊನೆಯ ಬೆಂಚಿನವರೆಗೂ ಕೇಳಿಸಿತು. ಇರುವೆ ನಡೆದರೂ ತಾತನಿಗೆ ಕೇಳಿಸುತ್ತದೆಂದು ಬಲ್ಲ ಮೈದುನ ಮಾತ್ರ ಬಾಯಿಗೆ ಟವೆಲ್ ಅಡ್ಡ ಹಿಡಿದು ನಿಂತಿದ್ದ.