ಸರದಿಯಲ್ಲಿ ಆರನೆಯ ಹೊಲ

"ಆರನೇ ದಿನಾನಾ? ಅಷ್ಟೊತ್ತಿಗೆ ನನ್ನ ಹೊಲದ ಹಸಿ ಆರಿ ಹೋಗತೈತಿ!"

ಬಾಗಿಲಲ್ಲಿ ನಿಂತು ಕೂಗುತ್ತಿದ್ದ ಆ ಎತ್ತರದ ಗಂಡಸನ್ನು ಸೂಗಮ್ಮ ಅವತ್ತೇ ಮೊದಲ ಸಲ ನೋಡಿದ್ದು. ಕೈಯಲ್ಲಿ ಬಾರುಕೋಲು, ಮೊಣಕಾಲವರೆಗೂ ಕೆಸರು, ಕಣ್ಣ ತುಂಬ ಸಿಟ್ಟು!

'ಯಾರಪ್ಪಾ ಇವ? ಹೊತ್ತು ಹುಟ್ಟೂದ್ರೊಳಗ ಜಗಳಕ್ಕ ಬಂದಾನ!'

"ದನಿ ಸಣ್ಣ ಮಾಡು. ಒಳಗ ನಮ್ಮಪ್ಪ ಮಲಗ್ಯಾನ," ಎಂದಳು. "ಹೆಸರೇನು ನಿಂದು?"

"ದುರುಗಪ್ಪ. ಮಸ್ಕಿ ಕಡೆಯಾಂವ. ಹಳ್ಳದ ದಂಡಿ ನಾಕೆಕರೆ ನಮ್ಮವ್ವನ ಪಾಲಿಗೆ ಬಂದೈತಿ. ಪರ ಊರಾಂವ ಅಂತ ನನ್ನ ಕಡೀಗೆ ಹಾಕೀದಿ, ಹೌದಿಲ್ಲ?"

ಸೂಗಮ್ಮನಿಗೆ ನಗು ಬಂತು. ನುಂಗಿಕೊಂಡಳು.

"ನಿನ್ನ ಹೊಲದ ಮಣ್ಣು ಮುಷ್ಟ್ಯಾಗ ಹಿಡಿದು ನೋಡೀಯೇನು? ಕರಿ ಎರಿ. ಆಳಕ್ಕ ಹಸಿ ಕುಡದೈತಿ. ಎಂಟು ದಿನ ಆದ್ರೂ ಆರಂಗಿಲ್ಲ. ಬಂದೇಸಾಬ ಮಾವಂದು ಮರಡಿ, ಬರೇ ಕಲ್ಲು. ನಾಳಿ ಬಿಸಲಿಗೆ ಒಣಗತೈತಿ. ಮೊದಲ ಯಾರದು ಬಿತ್ತಬೇಕು? ನೀನ ಹೇಳು!"

ಅವನು ಬಾರುಕೋಲನ್ನು ಆ ಕೈಯಿಂದ ಈ ಕೈಗೆ ಬದಲಿಸಿದ. "ತಪ್ಪಾತು," ಎಂದವನೇ ತಿರುಗಿ ನೋಡದೆ ಹೋದ.

ಅದು ಸಾವಿರದ ಒಂಬೈನೂರ ಐವತ್ತೊಂದರ ಹಸ್ತಿ ಮಳೆ. ತುರ್ವಿಹಾಳದಲ್ಲಿ ಆಗ ಕಾಲುವೆ ನೀರಿನ ಹೆಸರೂ ಇರಲಿಲ್ಲ. ಮಳೆ ಬಿದ್ದ ಮೇಲೆ ನೆಲದಲ್ಲಿ ಹದ ಇರುವುದು ಹೆಚ್ಚೆಂದರೆ ಒಂದು ವಾರ. ಅಷ್ಟರಲ್ಲೇ ಜೋಳ ಬಿತ್ತಬೇಕು, ಅದೇ ವಾರ ಸಜ್ಜೆಯ ತೆನೆಯನ್ನೂ ಮುರಿಯಬೇಕು. ಕೂಲಿ ಕೊಟ್ಟು ಆಳು ಕರೆಯುವಷ್ಟು ಯಾರಲ್ಲಿತ್ತು? ಅದಕ್ಕೇ ಮುಯ್ಯಿ. ಇವತ್ತು ಎಲ್ಲರೂ ನಿನ್ನ ಹೊಲಕ್ಕೆ, ನಾಳೆ ಎಲ್ಲರೂ ನನ್ನ ಹೊಲಕ್ಕೆ.

ಆರು ಮನೆಗಳ ಆ ಮುಯ್ಯಿಗೆ ಸರದಿ ಹಾಕುತ್ತಿದ್ದವಳು ಸೂಗಮ್ಮ. ಅವಳವ್ವ ಕಲಿಸಿಹೋದ ವಿದ್ಯೆ ಅದು. ಬೇಗ ಒಣಗುವ ನೆಲ ಮೊದಲು, ಹಸಿ ಹಿಡಿಯುವ ನೆಲ ಕೊನೆಗೆ. ಬಿತ್ತುವ ಕೂರಿಗೆಯ ಹಿಂದೆ ನಡೆಯುತ್ತ ಅದರ ಬಟ್ಟಲಿಗೆ ಕಾಳು ಬಿಡುವುದರಲ್ಲೂ ಅವಳ ಕೈಯೇ ಕೈ. ಕಾಲಿನ ಸ್ವಾಧೀನ ತಪ್ಪಿದ ಅಪ್ಪ ಆದಪ್ಪನನ್ನು ಬಿಟ್ಟು ಹೋಗಲಾರದೆ, ಇಪ್ಪತ್ತೆರಡು ತುಂಬಿದರೂ ಮದುವೆಯ ಮಾತೆತ್ತದ ಹುಡುಗಿ.

ಆರನೆಯ ದಿನ ದುರುಗಪ್ಪನ ಹೊಲಕ್ಕೆ ಹೋದರೆ... ಅವಳು ಹೇಳಿದಂತೆಯೇ ಮಣ್ಣು ಹಸಿಹಸಿ! ಅವನು ಎತ್ತು ಹೊಡೆದ, ಅವಳು ಹಿಂದೆ ಕಾಳು ಬಿಟ್ಟಳು. ಹಿಂದಿರುಗಿ ನೋಡುವ ನೆಪಕ್ಕೆ ಅವನು ಎಷ್ಟು ಸಲ ಎತ್ತು ನಿಲ್ಲಿಸಿದನೋ! ಕೊನೆಗೆ ಅವಳೇ ಗದರಿದಳು. "ಸಾಲು ಸೊಟ್ಟ ಹೊಂಟೈತಿ ನೋಡೋ!"

ಮುಂದಿನದನ್ನು ಬಿಡಿಸಿ ಹೇಳಬೇಕೆ? ಬೇಸಿಗೆಗೆ ವೀಳ್ಯ ಬದಲಾಯಿತು. ಆದಪ್ಪ ಮಗಳ ಜೊತೆಗೇ ಬಂದು ಇರಲಿ ಎಂದಳು ದುರುಗಪ್ಪನ ತಾಯಿ ಮಾರೆಮ್ಮ. ಮನೆಯಲ್ಲಿ ಕಾಳಿಲ್ಲದೆ ಮದುವೆ ಹೇಗೆ? ಬರುವ ಹಿಂಗಾರಿ ಜೋಳ ಕೊಯ್ದು, ಸುಗ್ಗಿ ಮುಗಿದ ಮೇಲೆ ಎಂದು ಮಾತಾಯಿತು.

ಆದರೆ ಆ ಹಿಂಗಾರಿ...

ಐವತ್ತೆರಡರ ಹಸ್ತಿ ಮಳೆಯೂ ಚೆನ್ನಾಗಿಯೇ ಬಿತ್ತು. ಸೂಗಮ್ಮ ಸರದಿ ಹಾಕಿದಳು. ಬಂದೇಸಾಬನ ಮರಡಿ ಮೊದಲು, ದುರುಗಪ್ಪನ ಎರೆ ಹೊಲ ಕೊನೆಗೆ. 'ನನ್ನ ಗಂಡನಾಗಾಂವ ಅಂತ ಮುಂದ ಹಾಕಿದ್ರ ಮಂದಿ ಏನಂದಾರು?' ಎಂಬ ಹೆಮ್ಮೆಯೂ ಒಳಗೊಳಗೇ ಇತ್ತು.

ಎರಡನೆಯ ದಿನ ಅತ್ತೆಗೆ ಮಜ್ಜಿಗೆ ಕೊಡಲು ಹೋದರೆ, ಮಾರೆಮ್ಮ ಮೂಲೆಯಲ್ಲಿ ಮುದುಡಿ ಮಲಗಿದ್ದಳು. ಮೈ ಸುಡುತ್ತಿತ್ತು. ಉಸಿರಿಗೊಮ್ಮೆ ಎದೆ ಗೊರಗೊರ ಎನ್ನುತ್ತಿತ್ತು.

"ಅಯ್ಯೋ ಅತ್ತೀ! ಯಾವಾಗಿಂದ? ಲಿಂಗಸುಗೂರು ದವಾಖಾನಿಗೆ ಒಯ್ಯಬೇಕಲ್ಲ! ಈಗ ಹೋಗಿ ಅವನ್ನ ಕರಕೊಂಡು ಬರತೀನಿ."

ಮಾರೆಮ್ಮ ಅವಳ ಕೈ ಹಿಡಿದೆಳೆದಳು. ಎಲ್ಲಿತ್ತೋ ಅಷ್ಟು ಬಲ!

"ಹೇಳಬ್ಯಾಡ. ಅಂವ ಬಿತ್ತಗಿ ಬಿಟ್ಟು ಬಂಡಿ ಹೂಡತಾನ. ಹೋಗಿ ಬರೂದು ನಾಕು ದಿನ. ಹದ ಹೋತಂದ್ರ ವರ್ಷ ಪೂರ್ತಿ ಏನು ತಿಂತೀರಿ? ನಿಮ್ಮ ಮದುವಿ? ಹೊಲ ಬಿತ್ತಿದ ಮ್ಯಾಲ ಹೇಳು. ನನ್ನ ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡು."

"ಅತ್ತೀ..."

"ಮಾಡಬೇ!"

ಸೂಗಮ್ಮ ಆಣೆ ಮಾಡಿದಳು. ಇನ್ನು ನಾಲ್ಕೇ ದಿನ... ತಡೆದೀತು ಜೀವ ಎಂದುಕೊಂಡಳು. ದುರುಗಪ್ಪ ಕತ್ತಲಿದ್ದಾಗಲೇ ಎದ್ದು ಹೋಗುವವನು, ಕತ್ತಲಾದ ಮೇಲೆ ಬರುವವನು. ಅವನು ಬರುವ ಹೊತ್ತಿಗೆ ಮುದುಕಿ ಹೇಗೋ ಎದ್ದು ಕೂತು, ಸೂಗಮ್ಮ ಬಡಿದಿಟ್ಟು ಹೋದ ರೊಟ್ಟಿಯನ್ನು ನೀಡುತ್ತಿದ್ದಳು.

ಮೂರನೆಯ ದಿನ ಸೂಗಮ್ಮನಿಗೆ ಹೊಳೆಯಿತು. 'ಸರದಿ ಬದಲಿ ಮಾಡಿ ನಾಳಿಗೆ ಅವನ ಹೊಲ ಹಾಕಿದ್ರ? ಆಣಿನೂ ಮುಗೀತೈತಿ...' ಆದರೆ ನಾಳಿನ ಸರದಿ ಮೂರು ಸಣ್ಣ ಮಕ್ಕಳ ಕಸ್ತೂರೆಮ್ಮನದು. ಅವಳ ನೆಲ ಆಗಲೇ ಬಿಳಿಚಿಕೊಳ್ಳುತ್ತಿತ್ತು. ಏನಂತ ಹೇಳಿ ಬದಲಿಸುವುದು? ಸೂಗಮ್ಮ ಬದಲಿಸಲಿಲ್ಲ.

ಐದನೆಯ ದಿನ ಮಧ್ಯಾಹ್ನ ಮಾರೆಮ್ಮ ತೀರಿಕೊಂಡಳು. ಆರನೆಯ ಹೊಲ ಹಾಗೇ ಉಳಿಯಿತು.

ಹೆಣದ ಮುಂದೆ ಕೂತಿದ್ದ ಕಸ್ತೂರೆಮ್ಮ ಅಳುತ್ತಲೇ ಅಂದುಬಿಟ್ಟಳು. "ನಿನಗ ಗೊತ್ತಿತ್ತಲ್ಲಬೇ ಸೂಗೀ! ದಿನಾ ಗಂಜಿ ಒಯ್ಯತಿದ್ದಿ..."

ದುರುಗಪ್ಪ ತಲೆಯೆತ್ತಿದ. "ಗೊತ್ತಿತ್ತಾ?"

"...ಗೊತ್ತಿತ್ತು."

"ಯಾಕ ಹೇಳಲಿಲ್ಲ?"

'ನಿನ್ನ ಹೊಲದ ಸಲುವಾಗಿ ನಿಮ್ಮವ್ವ ಆಣಿ ಹಾಕಿಸಿಕೊಂಡಳು ಅಂತ ಹೆಂಗ ಹೇಳಲಿ? ನನಗಾಗಿ ಅವ್ವ ಸತ್ತಳು ಅಂತ ಇಂವ ಸಾಯೂತನಾ ಕೊರಗತಾನ...' ಸೂಗಮ್ಮ ಬಗ್ಗಿ ಅತ್ತೆಯ ಸೆರಗು ಸರಿಪಡಿಸಿದಳು.

"ಮಂದಿ ಹೊಲ ದೊಡ್ಡದಾತು ನಿನಗ. ನಮ್ಮವ್ವ ಸಣ್ಣಾಕಿ ಆದಳು. ಇನ್ನ ನನ್ನ ಮಾರಿ ನೋಡಬ್ಯಾಡ ನೀ!"

ಅವ್ವನ ದಿನಕರ್ಮ ಮುಗಿಸಿದವನು ಎತ್ತು ಮಾರಿ, ದೂರದಲ್ಲಿ ಹೊಸದಾಗಿ ತೋಡುತ್ತಿದ್ದ ಕಾಲುವೆಯ ಕೂಲಿಗೆ ಹೊರಟುಹೋದ. ಒಂದು ಮಾತಿಲ್ಲ, ಒಂದು ಸುದ್ದಿಯಿಲ್ಲ. ಸೂಗಮ್ಮ ನೀರು ತರುವಾಗ ಅತ್ತಳು, ಹಿಟ್ಟು ಬೀಸುವಾಗ ಅತ್ತಳು. ಇನ್ನು ಸರದಿ ಹಾಕುವುದಿಲ್ಲ ಎಂದುಬಿಟ್ಟಳು. ಕೂರಿಗೆ ಹಿಂದೆ ಮಾತ್ರ ಹೋಗುತ್ತಿದ್ದಳು. ಹೋಗದಿದ್ದರೆ ಅಪ್ಪನ ಹೊಟ್ಟೆಗೇನು?

ಮರುವರ್ಷ ಹಸ್ತಿ ಮಳೆ ಬಿದ್ದ ಮೂರನೆಯ ದಿನ ಅವನು ಊರಿಗೆ ಬಂದ. ಮುಯ್ಯಿಗೆ ಸೇರಲಿಲ್ಲ, ಯಾರನ್ನೂ ಕರೆಯಲಿಲ್ಲ. ಸಾಲಗುಂದದಿಂದ ಒಂದು ಜೋಡಿ ಎತ್ತು, ಬಂಡಿ ತಂದಿದ್ದ. ಎತ್ತು ಕೊಟ್ಟವನೂ ಬಿತ್ತಬೇಕಲ್ಲ, ಮರುದಿನ ಬೆಳಗಾಗುವುದರೊಳಗೆ ತಿರುಗಿಸಬೇಕೆಂದು ಕರಾರು.

ಅವನು ಕೂರಿಗೆ ಹೂಡಿದ ಹೊತ್ತಿಗೆ ಪಕ್ಕದ ಮರಡಿಯಲ್ಲಿ ಬಂದೇಸಾಬನ ಬಿತ್ತನೆ ನಡೆದಿತ್ತು. ಸೂಗಮ್ಮನಿಗೆ ನಾಲ್ಕು ದಿನದಿಂದ ಚಳಿಜ್ವರ. "ಮನೀಗೆ ಹೋಗವ್ವಾ," ಎಂದು ಬಂದೇಸಾಬನ ಹೆಂಡತಿ ಜುಬೇದಾಬೀ ಎಷ್ಟು ಹೇಳಿದರೂ ಕೇಳಲಿಲ್ಲ. "ಇದೊಂದು ಸಾಲು ಚಾಚಿ... ಇದೊಂದು..."

ಮತ್ತೊಂದು ಸಾಲಿಗೆ ತಿರುಗುವಾಗ ಕಣ್ಣು ಕತ್ತಲೆ ಬಂತು. ಉಡಿಯಲ್ಲಿದ್ದ ಕಾಳೆಲ್ಲ ನೆಲಕ್ಕೆ ಚೆಲ್ಲಿತು. ಅದರ ಮೇಲೇ ಬಿದ್ದಳು.

"ಯಾ ಅಲ್ಲಾ! ಸೂಗೀ!"

ಜುಬೇದಾಬೀಯ ಕೂಗಿಗೆ ದುರುಗಪ್ಪ ಬದು ಹಾರಿ ಓಡಿ ಬಂದ. ಅವಳ ಹಣೆ ಮುಟ್ಟಿದ. ಸುಡುತ್ತಿತ್ತು. ವಾಪಸು ಓಡಿ, ಅರ್ಧ ಸಾಲಿಗೇ ಕೂರಿಗೆ ಬಿಟ್ಟು ಎತ್ತು ಬಿಚ್ಚಿದ. ಬಂಡಿ ಹೂಡಿದ. ಹುಲ್ಲು ಹಾಸಿ, ಜುಬೇದಾಬೀಯ ತೊಡೆಯ ಮೇಲೆ ಅವಳ ತಲೆಯಿಡಿಸಿದ.

ಸಿಂಧನೂರಿಗೆ ಆ ವರ್ಷವಷ್ಟೇ ಒಬ್ಬ ಡಾಕ್ಟರ್ ಬಂದಿದ್ದರು. ಆ ಹಾದಿಯಲ್ಲಿ ಅರ್ಧ ದೂರ ಹೋದ ಮೇಲೆ ಸೂಗಮ್ಮ ಕಣ್ಣು ಬಿಟ್ಟಳು. ಮೇಲೆ ಆಕಾಶ, ಮುಂದೆ ಅವನ ಬೆನ್ನು. ಕನಸೇ?

"ಎಲ್ಲಿಗೆ... ಎಲ್ಲಿಗೆ ಹೊಂಟೀವಿ?"

"ಡಾಕ್ಟರ ಹತ್ರ."

"ಹುಚ್ಚ ಏನು ನೀ? ಎತ್ತು ಇವತ್ತೊಂದಿನ ಅಷ್ಟ ನಿನ್ನ ಕೈಯಾಗ! ಹೊಲ..."

"ಹೊಲ ಎಲ್ಲಿಗೂ ಹೋಗಂಗಿಲ್ಲ."

"ಹದ ಹೋಗತೈತಿ..."

"ಹೋಗಲಿ!" ಎಂದು ಕೂಗಿದ. ಎತ್ತುಗಳು ಬೆದರಿ ನಿಂತವು. ಅವನು ಮುಂದಕ್ಕೆ ನೋಡುತ್ತಲೇ ಕೂತ. ಭುಜ ಅಲುಗುತ್ತಿತ್ತು.

"ನನಗೂ ಗೊತ್ತಿತ್ತು, ಸೂಗೀ."

"ಏನು?"

"ಅವ್ವನ ಜಡ್ಡು. ಗೋಡಿ ಆ ಕಡಿ ನರಳೂದು ಕೇಳತಿತ್ತು. 'ಏನಾಗೇತಿ ಅವ್ವಾ' ಅಂತ ಒಂದ ಮಾತು ಕೇಳಿದ್ರ ಬಿತ್ತಗಿ ಬಿಡಬೇಕಾಗತೈತಿ ಅಂತ... ಕೇಳದಂಗ ಎದ್ದು ಹೋಗತಿದ್ದೆ. ನಿನ್ನ ಬೈದ್ರ ನನಗ ಹಗರ ಅನಸತಿತ್ತು. ಅದಕ್ಕ ಬೈದೆ."

ಸೂಗಮ್ಮನ ಕಣ್ಣಿಂದ ನೀರು ಇಳಿದು ಜುಬೇದಾಬೀಯ ಸೀರೆಗೆ ಬಿತ್ತು. ಆ ಹೆಂಗಸು ಮುಖ ತಿರುಗಿಸಿಕೊಂಡು, ದೂರದ ಹೊಲದಲ್ಲಿ ಏನೋ ಕಂಡವಳಂತೆ ನೋಡತೊಡಗಿದಳು.

"ಅತ್ತಿ ನನ್ನ ಕಡಿಂದ ಆಣಿ ಮಾಡಿಸಿಕೊಂಡಿದ್ದಳು," ಎಂದಳು ಸೂಗಮ್ಮ ಮೆಲ್ಲಗೆ. "ಬಿತ್ತೂತನಾ ನಿನಗ ಹೇಳಬಾರದು ಅಂತ. ಆದ್ರ ತಪ್ಪನ್ನ ಆಣಿ ಮ್ಯಾಲ ಹಾಕಂಗಿಲ್ಲ ನಾ. ಸರದಿ ನನ್ನ ಕೈಯಾಗಿತ್ತು. ಬದಲಿ ಮಾಡಬೇಕಾಗಿತ್ತು... ಮಾಡಲಿಲ್ಲ."

"ನಾ ಕೇಳಬೇಕಾಗಿತ್ತು."

ಸತ್ತವಳು ಇದರಿಂದ ಎದ್ದು ಬರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವನು ಕೆಳಗಿಳಿದು ಬಂಡಿಯ ಹಿಂದಕ್ಕೆ ಬಂದ. ಕಣ್ಣು ಕೆಂಪಾಗಿತ್ತು.

"ಡಾಕ್ಟರ ಹುಷಾರ ಮಾಡಿದ ಮ್ಯಾಲ... ನಮ್ಮ ಮನೀಗೆ ಬರತೀಯೇನು? ಅಪ್ಪನ್ನ ಕರಕೊಂಡು?"

"ಬಿತ್ತಲಾರದ ಹೊಲಕ್ಕ ಸುಗ್ಗಿ ಎಲ್ಲಿಂದ ಬರಬೇಕು? ಏನು ಉಣ್ಣೂದು?"

"ಸುಗ್ಗಿ ಕಾಯಂಗಿಲ್ಲ ನಾ. ಕಾಲುವಿ ಮಣ್ಣು ಹೊರತೀನಿ. ಕೂಳು ಹೆಂಗರ ಹುಟ್ಟತೈತಿ." ಅವಳ ಮುಖಕ್ಕೆ ಬಿಸಿಲು ಬೀಳದಂತೆ ತಲೆಯ ರುಮಾಲು ಬಿಚ್ಚಿ ಹೊದಿಸಿದ. "ನೀ ಮೊದಲ ಉಳಿ, ಸೂಗೀ."

ಅವಳು ಅವನ ಬೆರಳು ಹಿಡಿದುಕೊಂಡಳು. ಬಿಸಿ ಕೈ, ಕಸುವಿಲ್ಲದ ಹಿಡಿತ.

"ಉಳೀತೀನಿ... ಬಂಡಿ ಹೊಡಿ."