ಅಂಟಿಸಿದ ಚೀಟಿಯ ಹಿಂಬದಿ

ಒಂದಾನೊಂದು ಊರಿನಲ್ಲಿ ಒಂದು ಬಾವಿ ಇತ್ತಂತೆ. ಆ ಬಾವಿಯೊಳಗೆ ಚಿನ್ನಿ ಅನ್ನುವ ಪುಟ್ಟ ಹುಡುಗಿ ಬಿದ್ದಳಂತೆ. ಅವಳು ಇವತ್ತಿಗೂ ಮೇಲೆ ಬಂದಿಲ್ಲವಂತೆ!

ಯಾಕೆ ಬಂದಿಲ್ಲ ಅಂದರೆ, ಕಥೆ ಕೇಳುತ್ತಿದ್ದ ಮೊಮ್ಮಗಳು ಪ್ರತಿ ಸಲವೂ ಅಲ್ಲಿಗೆ ಬರುವಷ್ಟರಲ್ಲಿ ‘ಹೂಂ’ ಅನ್ನುವುದನ್ನು ನಿಲ್ಲಿಸಿ ನಿದ್ದೆ ಹೋಗುತ್ತಿದ್ದಳು. ಹೂಂ ನಿಂತರೆ ಕಥೆಯೂ ನಿಲ್ಲಬೇಕು. ಅದು ಗಿರಿಜಾಂಬಾ ಅಜ್ಜಿಯ ಕಟ್ಟುನಿಟ್ಟು.

ಈಗ ಆ ಮೊಮ್ಮಗಳು ಶರಣ್ಯಳಿಗೆ ಇಪ್ಪತ್ತಾರು ವರ್ಷ. ಅಜ್ಜಿಗೆ ಎಂಬತ್ತೊಂದು. ಅಜ್ಜಿಗೆ ಮರೆವು ಶುರುವಾಗಿದೆ. ಕಥೆಯ ಕೊನೆ ಹೋಗಿದೆ, ಬಾವಿ ಮಾತ್ರ ಉಳಿದಿದೆ.

“ಆ ಮಗೂನ ಬಾವೀಲೇ ಬಿಟ್ಟು ಬಂದ್ಬಿಟ್ಟಿದೀನಲ್ಲೇ ಶರಣಿ... ಕಣ್ಣು ಮುಚ್ಚಿದ್ರೆ ಕೂಗ್ತಾಳೆ. ಹೆಂಗೆ ಮೇಲೆ ತರೋದು ಅಂತ ನೆನಪಾಗ್ತಿಲ್ಲ. ನೀನೇ ತರ್ತೀಯಾ?”

“ತರ್ತೀನಿ ಅಜ್ಜಿ.”

“ಮಾತು?”

“ಮಾತು!”

ಹಾಗೆ ಹುಟ್ಟಿತು ‘ಬಾವಿಯೊಳಗಿನ ಆಕಾಶ’. ಮಾಮೂಲ್‌ಪೇಟೆಯ ಅಪ್ಪನ ಬಳೆ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಶರಣ್ಯ ಮೊಬೈಲಿನಲ್ಲಿ ಬರೆದಳು. ಬಾವಿಯ ತಳದಲ್ಲಿ ನೀರಿಲ್ಲ, ಬೇರೊಂದು ಲೋಕದ ಆಕಾಶವಿದೆ. ಅಲ್ಲೊಂದು ಜೀವವಿದೆ, ಅದಕ್ಕೆ ರೂಪವಿಲ್ಲ. ಕೇಳಿಸಿಕೊಂಡ ದನಿಯನ್ನೆಲ್ಲ ಹಾಗೇ ತಿರುಗಿ ಆಡುತ್ತದೆ. ಕಥೆಯ ಆ್ಯಪಿನಲ್ಲಿ ಹನ್ನೆರಡು ವರ್ಷದವರಿಂದ ಹಿಡಿದು ಎಲ್ಲರೂ ಓದಿ ಬೆವೆತರು. ಬರೆದವರ ಹೆಸರು ‘ಬಾವಿಕಟ್ಟೆ’ ಅಂತಷ್ಟೇ ಇತ್ತು.

ಆ ಬಾವಿಕಟ್ಟೆ ಯಾರೆಂದು ಮನೆಯವರನ್ನು ಬಿಟ್ಟರೆ ಗೊತ್ತಿದ್ದದ್ದು ಒಬ್ಬರಿಗೇ. ಚಾಮರಾಜಪೇಟೆಯ ವಾಚನಾಲಯದ ಮಲ್ಲಿಕಾರ್ಜುನಯ್ಯನವರಿಗೆ. ಮೊಬೈಲಿಲ್ಲದ ಮಕ್ಕಳೂ ಓದಲಿ ಎಂದು ಅವರೇ ಅಧ್ಯಾಯಗಳನ್ನು ಪ್ರಿಂಟ್ ತೆಗೆಸಿ, ಹೊಲಿದು, ಕೆಂಪು ರಟ್ಟು ಹಾಕಿಟ್ಟಿದ್ದರು.

ಶನಿವಾರ ಬೆಳಿಗ್ಗೆ ಹೊಸ ಅಧ್ಯಾಯ ಸೇರಿಸಲೆಂದು ಶರಣ್ಯ ಆ ಕೆಂಪು ರಟ್ಟಿಗೆ ಕೈ ಹಾಕಿದಳು.

ಇನ್ನೊಂದು ಕೈಯೂ ಅದನ್ನೇ ಹಿಡಿಯಿತು!

“ಬಿಡಿ, ನಾನು ಮೊದಲು ಹಿಡಿದಿದ್ದು,” ಅಂದಳು.

“ನಾನು ಮೂರು ವಾರ ಮೊದಲು ಹೆಸರು ಬರೆಸಿರೋದು ಮೇಡಂ. ಬೇಕಾದ್ರೆ ಅಯ್ಯನೋರನ್ನ ಕೇಳಿ.”

ಎತ್ತರದ ಆಳು. ಅಂಗಿಯ ತೋಳಿನ ಮೇಲೆ ಸೀಮೆಸುಣ್ಣದ ಪುಡಿ. ಕಣ್ಣಲ್ಲಿ ಮಾತ್ರ ತಿಂಡಿ ಡಬ್ಬಿ ಕಸಿದುಕೊಂಡ ಮಗುವಿನ ಜಗಳಗಂಟತನ.

“ದೆವ್ವದ ಕಥೆಗೆ ಇಷ್ಟೊಂದು ಅವಸರಾನಾ?”

“ದೆವ್ವ ಅಲ್ಲ ಮೇಡಂ, ವಿಜ್ಞಾನ. ನಾನು ಎಂಟನೇ ಕ್ಲಾಸಿಗೆ ಸೈನ್ಸ್ ಮೇಷ್ಟ್ರು. ದೆವ್ವ ಅಂದ್ರೆ ನಂಗೆ ಭಯ, ವಿಜ್ಞಾನ ಅಂದ್ರೆ ಧೈರ್ಯ.”

ಶರಣ್ಯಳಿಗೆ ನಗು ತಡೆಯಲಾಗಲಿಲ್ಲ. ರಟ್ಟು ಬಿಟ್ಟಳು. ಅವನು ಅದನ್ನು ಎದೆಗೊತ್ತಿಕೊಂಡ.

*ಅಯ್ಯೋ... ನನ್ನ ಕಥೇನ ಯಾರೂ ಹೀಗೆ ಹಿಡ್ಕೊಂಡಿರಲಿಲ್ಲ!*

ಅವನ ಹೆಸರು ಗೌರೀಶ್. ಅಪ್ಪ ಅಮ್ಮ ಮಾಗಡಿ ಕಡೆ ರಾಗಿ ಹೊಲದವರು, ಅವನ ರೂಮು ಮತ್ತಿಕೆರೆಯಲ್ಲಿ. ಬಾವಿಕಟ್ಟೆ ತನ್ನೆದುರೇ ನಿಂತಿದ್ದಾಳೆಂದು ಅವನಿಗೆ ತಿಳಿಯದು. ಇವಳೂ ಹೇಳಲಿಲ್ಲ. ಹೇಗೆ ಹೇಳುವುದು? ಹೇಳಿದರೆ ಮುಖ ನೋಡಿ ಹೊಗಳಿಬಿಡುತ್ತಾನೆ. ಅವಳಿಗೆ ಬೇಕಿದ್ದದ್ದು ನಿಜವಾದ ಮಾತು.

ಅಲ್ಲಿಂದಾಚೆ ಪ್ರತಿ ಶನಿವಾರ ವಾಚನಾಲಯದ ಹೊರಗಿನ ಕಲ್ಲುಬೆಂಚು, ಬೈ-ಟು ಕಾಫಿ, ಮಾತು. ನಾಲ್ಕನೆಯ ಶನಿವಾರದ ಹೊತ್ತಿಗೆ ಅವನು ಬರುವ ದಾರಿಯನ್ನು ಕಾಯುವುದು ಅವಳಿಗೆ ರೂಢಿಯಾಗಿಹೋಗಿತ್ತು.

“ಓದಿದ್ರಾ? ಹೆಂಗಿದೆ?” ಎದೆ ಹೊಡೆದುಕೊಳ್ಳುತ್ತಿದ್ದರೂ ಹಗುರವಾಗಿ ಕೇಳುವಳು.

“ಬಾಯಲ್ಲಿ ಹೇಳಂಗಿಲ್ಲವಲ್ಲ! ಅಯ್ಯನೋರ ಕಾನೂನು.”

ಅದು ನಿಜ. ಆ ವಾಚನಾಲಯದಲ್ಲಿ ಯಾರೂ ಬಾಯಲ್ಲಿ ಅಭಿಪ್ರಾಯ ಹೇಳುವಂತಿಲ್ಲ, ಮುಂದಿನವರ ಓದು ಕೆಡುತ್ತದೆ. ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು. ಮಲ್ಲಿಕಾರ್ಜುನಯ್ಯನವರು ಮೈದಾ ಅಂಟು ಸವರಿ ಪುಸ್ತಕದ ಕೊನೆಯ ಹಾಳೆಗೆ ಅಂಟಿಸುತ್ತಾರೆ. ಹಳೆಯ ಕ್ಯಾಲೆಂಡರು ಕತ್ತರಿಸಿ ಮಾಡಿದ ಚೀಟಿ ಅದು. ತಾರೀಖಿನ ಬದಿಗೆ ಅಂಟು, ಖಾಲಿ ಬದಿಯಲ್ಲಿ ಬರಹ.

ಕೆಂಪು ರಟ್ಟಿನ ಹಿಂದೆ ಆಗಲೇ ಹತ್ತಾರು ಚೀಟಿಗಳಿದ್ದವು. ‘ಭಯ ಚೆನ್ನಾಗಿದೆ, ಬೇರೆ ಲೋಕದ ವಿವರಣೆ ಜಾಸ್ತಿ.’ ‘ನಾನು ಹೆದರಲಿಲ್ಲ. ತಂಗಿ ಹೆದರಿದಳು. ಸ್ವಲ್ಪ ನಾನೂ.’ ‘ಮಧ್ಯದಲ್ಲಿ ಎಳೆದಿದ್ದಾರೆ. ಇಂತಿ, ನಿವೃತ್ತ ಓದುಗ.’ ಪ್ರತಿಯೊಂದೂ ಶರಣ್ಯಳಿಗೆ ಬಾಯಿಪಾಠ.

ಹನ್ನೊಂದನೆಯ ಅಧ್ಯಾಯ ಮುಗಿದಿತ್ತು. ಅದರಲ್ಲಿ ಚಿನ್ನಿಯ ಅಣ್ಣ ಬಾವಿಗೆ ಹಗ್ಗ ಬಿಟ್ಟಿದ್ದಾನೆ. ಕೆಳಗಿನಿಂದ ಎರಡು ದನಿ ಬರುತ್ತಿವೆ. ಎರಡೂ ಚಿನ್ನಿಯದೇ! “ಅಣ್ಣಾ, ನನ್ನ ಎಳ್ಕೋ!” ಹಗ್ಗ ಒಂದೇ. ಇನ್ನೊಂದು ಅಧ್ಯಾಯ ಬರೆದರೆ ಅಜ್ಜಿಗೆ ಕೊಟ್ಟ ಮಾತು ಉಳಿಯುತ್ತದೆ.

ಆ ವಾರ ಹೊಸ ಚೀಟಿ ಬಂತು. ದುಂಡನೆಯ ಮೇಷ್ಟರ ಅಕ್ಷರ, ಮೇಲ್ತುದಿಯಲ್ಲಿ ಗೌರೀಶನ ಹೆಸರು.

‘ಈ ಕಥೆ ಬರೆದವರಿಗೆ ಕರುಣೆಯೇ ಇಲ್ಲ. ಓದಿದ ಮೇಲೆ ಮೂರು ದಿನ ಕಿಟಕಿ ಹತ್ತಿರ ಮಲಗಲಿಲ್ಲ. ಮೂವತ್ತು ವರ್ಷದ ಮೇಷ್ಟ್ರಿಗೇ ಹೀಗಾದರೆ ಮಕ್ಕಳ ಗತಿ ಏನು? ನನ್ನ ತರಗತಿಯ ಮಕ್ಕಳ ಕೈಗೆ ಇದನ್ನು ಕೊಡುವ ಧೈರ್ಯ ನನಗಿಲ್ಲ.’

ಶರಣ್ಯ ಓದಿದಳು. ಮತ್ತೊಮ್ಮೆ ಓದಿದಳು.

ಹೊರಗೆ ಕಲ್ಲುಬೆಂಚಿನ ಮೇಲೆ ಅವನು ಎರಡು ಲೋಟ ಹಿಡಿದು ಕಾಯುತ್ತಿದ್ದ. ಅವಳು ಅವನ ಪಕ್ಕದಲ್ಲೇ ಹಾದು ಹೋದಳು. ನೋಡಲಿಲ್ಲ.

“ಶರಣ್ಯ ಅವರೇ? ಕಾಫಿ ಆರೋಗತ್ತೆ...”

ಆಟೋ ಹತ್ತಿದ ಮೇಲೆ ಕಣ್ಣು ತುಂಬಿ ಬಂತು. *ಕರುಣೆ ಇಲ್ವಂತೆ. ನಾನು ಮಕ್ಕಳನ್ನ ಹೆದರಿಸಿ ಬಿಟ್ಟು ಹೋಗೋಳಂತೆ!* ಬೇರೆ ಯಾರು ಅಂದಿದ್ದರೂ ನಕ್ಕುಬಿಡುತ್ತಿದ್ದಳೇನೋ. ಅವನು ಅಂದದ್ದೇ ನೋವು. ಆಗಲೇ ತಿಳಿದದ್ದು, ಆ ಮೇಷ್ಟರು ತನಗೆ ಬರೀ ಓದುಗನಲ್ಲ ಎಂದು.

ಬರೆಯುವುದು ನಿಂತಿತು.

ಆ್ಯಪಿನಲ್ಲಿ ಓದುಗರು ಗಲಾಟೆ ಎಬ್ಬಿಸಿದರು. ‘ಬಾವಿಕಟ್ಟೆ, ಎಲ್ಲಿ ಹೋದ್ರಿ?’ ‘ನಾನು ಪರೀಕ್ಷೆಗೆ ಓದ್ಬೇಕು, ಚಿನ್ನಿ ಬಿಡ್ತಿಲ್ಲ, ಬೇಗ ಎತ್ತಿ!’ ‘ಯಾವ ದನಿ ನಿಜದ್ದು ಅಂತ ಆದ್ರೂ ಹೇಳಿ ಪ್ಲೀಸ್...’

ಅವಳಿಗೇ ಗೊತ್ತಿರಲಿಲ್ಲ. ಕೊನೆಯ ಅಧ್ಯಾಯಕ್ಕೆ ಕೂತಾಗಲೆಲ್ಲ ಆ ದುಂಡನೆಯ ಅಕ್ಷರ ಎದುರು ಬರುತ್ತಿತ್ತು.

ಮನೆಯಲ್ಲಿ ಅಜ್ಜಿ ದಿನವೂ ಅದನ್ನೇ ಕೇಳುತ್ತಿದ್ದಳು. “ಮೇಲೆ ಬಂದ್ಲಾ?”

“ಇನ್ನೂ ಇಲ್ಲ ಅಜ್ಜಿ...”

“ಥಂಡಿ ಆಗತ್ತೆ ಕಣೇ ಮಗೂಗೆ.”

ಮೂರು ಶನಿವಾರ ಕಳೆದವು. ನಾಲ್ಕನೆಯ ಶನಿವಾರ ಶರಣ್ಯ ಒಂದು ತೀರ್ಮಾನಕ್ಕೆ ಬಂದಳು. ಕೆಂಪು ರಟ್ಟನ್ನು ವಾಪಸು ತಂದುಬಿಡುವುದು. ಮಕ್ಕಳ ಕೈಗೆ ಕೊಡಲಾಗದ ಕಥೆ ಅಲ್ಲಿ ಇರುವುದಾದರೂ ಯಾಕೆ?

ಹೋದರೆ, ಕಲ್ಲುಬೆಂಚಿನ ಮೇಲೆ ಅವನೇ! ಪಕ್ಕದಲ್ಲಿ ಎರಡು ಲೋಟ.

“ಮೂರು ವಾರದಿಂದ ಎರಡೆರಡು ಕಾಫಿ ಕುಡಿದು ನಿದ್ದೆ ಬರ್ತಿಲ್ಲ,” ಅಂದ. ನಗಲು ನೋಡಿದ, ಆಗಲಿಲ್ಲ. “ನಾನೇನು ತಪ್ಪು ಮಾಡ್ದೆ, ಅದನ್ನಾದ್ರೂ ಹೇಳಿ.”

“ನಿದ್ದೆ ಬರದೇ ಇರೋದಕ್ಕೆ ಕಾಫಿ ಯಾಕೆ? ಕರುಣೆಯಿಲ್ಲದೋರು ಬರೆದ ಕಥೆ ಇದೆಯಲ್ಲ!”

ಗೌರೀಶನಿಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಆಮೇಲೆ ಮುಖದ ಬಣ್ಣವೇ ಬದಲಾಯಿತು.

“ಅಂದ್ರೆ... ಬಾವಿಕಟ್ಟೆ... ನೀವಾ?!”

“ಹೌದು, ನಾನೇ! ತಗೊಂಡು ಹೋಗೋಕೆ ಬಂದಿದೀನಿ. ನಿಮ್ಮ ಮಕ್ಕಳು ಸುಖವಾಗಿ ಮಲಗಲಿ.”

“ಅಯ್ಯೋ ದೇವರೇ! ಪೂರ್ತಿ ಓದಿದ್ರಾ ಚೀಟಿನಾ?”

“ಬಾಯಿಪಾಠ ಬರತ್ತೆ. ‘ಕೊಡುವ ಧೈರ್ಯ ನನಗಿಲ್ಲ.’ ಅಲ್ಲಿಗೆ ಮುಗೀತಲ್ಲ?”

“ಎಲ್ಲಿ ಮುಗೀತು? ಹಿಂದೆ ಇದೆಯಲ್ರೀ!”

“ಹಿಂದೆ...?”

“ಹಿಂಬದೀಲಿ! ಜಾಗ ಸಾಲಲಿಲ್ಲ ಅಂತ ತಾರೀಖಿನ ಮನೆ ಮನೇಲೂ ಸಣ್ಣಗೆ ಬರೆದಿದೀನಿ!”

ಇಬ್ಬರೂ ಒಟ್ಟಿಗೇ ಒಳಗೆ ತಿರುಗಿ ನೋಡಿದರು. ಮಲ್ಲಿಕಾರ್ಜುನಯ್ಯನವರು ದಪ್ಪ ಕನ್ನಡಕದ ಹಿಂದಿನಿಂದ ಕಣ್ಣು ಪಿಳುಕಿಸಿದರು. ಕೈಯಲ್ಲಿ ಅಂಟಿನ ಕುಂಚ.

“ನಲವತ್ತು ವರ್ಷದಲ್ಲಿ ತಾರೀಖಿನ ಮೇಲೆ ಬರೆದೋರು ನೀವೊಬ್ಬರೇ ಮೇಷ್ಟ್ರೇ!” ಅಂದರು. “ನಂಗೆ ತಾರೀಖೇ ಸರಿಯಾಗಿ ಕಾಣ್ಸಲ್ಲ, ಇನ್ನು ಅದರೊಳಗಿನ ನಿಮ್ಮ ಇರುವೆ ಸಾಲು ಎಲ್ಲಿ ಕಾಣ್ಬೇಕು? ಕಾನೂನು ಗೋಡೆ ಮೇಲೇ ಬರೆದಿದೀನಲ್ಲ, ಒಂದೇ ಬದಿ ಅಂತ.”

“ಆ ಗೋಡೆಗೆ ನೀವೇ ಬೀರು ಒರಗಿಸಿದೀರಲ್ಲ ಅಯ್ಯನೋರೇ!”

ಮುದುಕರು ತಿರುಗಿ ನೋಡಿದರು. “ಅದೂ ನಿಜವೇ,” ಅಂದರು.

ಮೂಲೆಯಲ್ಲಿದ್ದ ಎಲೆಕ್ಟ್ರಿಕ್ ಕೆಟಲಿನಲ್ಲಿ ನೀರು ಕುದಿಯತೊಡಗಿತು. ಕೊನೆಯ ಹಾಳೆಯನ್ನು ಆವಿಗೆ ಹಿಡಿದರು. ಗೌರೀಶ್ ಚೀಟಿಯ ಒಂದು ಮೂಲೆ ಹಿಡಿದ, ಅವಳು ಇನ್ನೊಂದು ಮೂಲೆ. ಮೈದಾ ಅಂಟು ನಿಧಾನವಾಗಿ ಬಿಟ್ಟುಕೊಟ್ಟಿತು.

ತಾರೀಖುಗಳ ನಡುವೆ ಮಸುಕಾದ ನೀಲಿ ಅಕ್ಷರ.

‘ಯಾಕೆಂದರೆ ಕೊಟ್ಟರೆ ವಾಪಸು ಬರುವುದಿಲ್ಲ! ಅದಕ್ಕೆ ನಾನೇ ತರಗತಿಯಲ್ಲಿ ಓದಿ ಹೇಳಿದೆ. ಮೂವತ್ತೆಂಟು ಮಕ್ಕಳು ಉಸಿರು ಬಿಗಿಹಿಡಿದು ಪಕ್ಕದವರ ಕೈ ಹಿಡಿದುಕೊಂಡರು. ನಿನ್ನೆ ಜಗಳವಾಡಿದವರೂ ಹಿಡಿದುಕೊಂಡರು. ಒಂದು ವರ್ಷದಿಂದ ತರಗತಿಯಲ್ಲಿ ಬಾಯಿ ಬಿಡದ ಮಾನ್ಯ ಎದ್ದು ನಿಂತು, “ಸಾರ್, ಮುಂದೆ?” ಎಂದಳು. ಆ ಒಂದು ಮಾತಿಗೆ ಈ ಲೇಖಕರಿಗೆ ನಾನು ಋಣಿ. ಇವರು ಹೆದರಿಸುತ್ತಾರೆ, ಆದರೆ ಒಂಟಿಯಾಗಿ ಬಿಡುವುದಿಲ್ಲ. ದಯವಿಟ್ಟು ಬೇಗ ಮುಗಿಸಲಿ.’

ಶರಣ್ಯ ಅಲ್ಲೇ ಸ್ಟೂಲಿನ ಮೇಲೆ ಕುಸಿದಳು. ತಿಂಗಳಿಂದ ಎದೆಯೊಳಗೆ ಬಿಗಿದು ಕೂತಿದ್ದದ್ದು ಒಮ್ಮೆಲೇ ಸಡಿಲವಾಯಿತು. ನಗು ಬಂತು. ಅಳುವೂ ಬಂತು. ಎರಡೂ ಸೇರಿ ಬಿಕ್ಕಳಿಕೆ ಬಂತು!

“ನೀರು ಕುಡೀರಿ, ನೀರು ಕುಡೀರಿ...” ಗೌರೀಶ್ ಗಾಬರಿಯಲ್ಲಿ ಕುಂಚ ಅದ್ದಿದ್ದ ಲೋಟವನ್ನೇ ಚಾಚಿದ.

“ಅದು ಅಂಟಿನ ನೀರು ಕಣಯ್ಯ!” ಮಲ್ಲಿಕಾರ್ಜುನಯ್ಯನವರು ಕೂಗಿದರು.

ನಕ್ಕು ಸುಧಾರಿಸಿಕೊಂಡ ಮೇಲೆ ಶರಣ್ಯ ಚೀಟಿಯನ್ನು ಮತ್ತೆ ನೋಡಿದಳು. ಮೂವತ್ತನೇ ತಾರೀಖಿನ ಕೆಳಗೆ ಒಂದು ಸಾಲು ಇತ್ತು. ಗೀಚಿ, ಗೀಚಿ, ಓದಲಾಗದಂತೆ ಹೊಡೆದು ಹಾಕಿದ ಸಾಲು.

“ಇದೇನು?”

“ಅದಾ... ಅದು ತಪ್ಪಾಗಿತ್ತು.”

“ಮೇಷ್ಟ್ರು ತಪ್ಪು ಬರೀತಾರಾ?”

ಅವನ ಕಿವಿ ಕೆಂಪಾಯಿತು. ಮಲ್ಲಿಕಾರ್ಜುನಯ್ಯನವರು ಇದ್ದಕ್ಕಿದ್ದಂತೆ ಬೀರು ಸರಿಸುವ ಕೆಲಸಕ್ಕೆ ಹೊರಟುಹೋದರು.

“‘ಶನಿವಾರ ಬೆಂಚಿನ ಮೇಲೆ ನನ್ನ ಪಕ್ಕ ಕೂರೋರೂ ಇದನ್ನ ಓದ್ಲಿ. ಹೆದರಿಕೆ ಆದ್ರೆ ಕೈ ಹಿಡ್ಕೊಳ್ಳೋಕೆ ನಾನಿದೀನಿ’ ಅಂತ ಬರೆದಿದ್ದೆ,” ಅಂದ ಮೆಲ್ಲಗೆ. “ಅಯ್ಯನೋರು ಓದ್ತಾರಲ್ಲ ಅಂತ ಗೀಚಿದೆ. ನೋಡಿದ್ರೆ ಅವರು ಓದೇ ಇಲ್ಲ!”

ಶರಣ್ಯ ಎದ್ದಳು.

“ಇವತ್ತು ಸಂಜೆ ಬಿಡುವಿದೆಯಾ?”

“ಇದೆ... ಯಾಕೆ?”

“ನಂಗೆ ತುಂಬಾ ಹೆದರಿಕೆ ಆಗ್ತಿದೆ. ಅಜ್ಜಿಗೆ ಕೊನೇ ಅಧ್ಯಾಯ ಹೇಳ್ಬೇಕು. ಕೊನೆ ಏನು ಅಂತ ನಂಗೇ ಗೊತ್ತಿಲ್ಲ.”

ಸಂಜೆ ಐದೂವರೆ. ಶಂಕರಪುರದ ಮನೆಯ ನಡುಮನೆಯಲ್ಲಿ ಅಜ್ಜಿ ಗೋಡೆಗೆ ದಿಂಬು ಕೊಟ್ಟು ಒರಗಿದ್ದಳು. ಹಣೆಯಲ್ಲಿ ವಿಭೂತಿ. ಹೊಸಬನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಯಾರಪ್ಪ ನೀನು?”

“ಕಥೆ ಕೇಳೋಕೆ ಬಂದಿದೀನಿ ಅಜ್ಜಿ.”

“ಹೂಂ ಅನ್ನೋಕೆ ಬರತ್ತಾ? ಇವಳ ಥರ ಮಧ್ಯ ಮಲ್ಕೊಂಡ್ರೆ ಆಗಲ್ಲ ನೋಡು.”

“ಬರತ್ತೆ ಅಜ್ಜಿ.”

ಶರಣ್ಯ ಶುರು ಮಾಡಿದಳು. ಅಣ್ಣ ಬಾವಿಕಟ್ಟೆಯ ಮೇಲೆ ಬಗ್ಗಿದನಂತೆ. ಅಜ್ಜಿ ಹೂಂ ಅಂದಳು. ಹಗ್ಗ ಇಳಿಬಿಟ್ಟನಂತೆ. ಹೂಂ. ಕೆಳಗಿನಿಂದ ಎರಡು ದನಿ ಬಂದವಂತೆ, ಎರಡೂ ಒಂದೇ ಥರ...

ಹೂಂ ಬರಲಿಲ್ಲ. ಅಜ್ಜಿಯ ಕಣ್ಣು ಮುಚ್ಚಿತ್ತು, ತಲೆ ದಿಂಬಿಗೆ ವಾಲಿತ್ತು.

ಶರಣ್ಯ ನಿಲ್ಲಿಸಿಬಿಟ್ಟಳು. *ಮತ್ತೆ ಅದೇ ಜಾಗ. ಮತ್ತೆ ಬಾವಿಯಲ್ಲೇ!*

“ಹೂಂ,” ಅಂದ ಗೌರೀಶ್.

ಅವಳು ತಿರುಗಿ ನೋಡಿದಳು. ಅವನು ಚಕ್ಕಳಮಕ್ಕಳ ಹಾಕಿ ಕೂತು ಅವಳನ್ನೇ ನೋಡುತ್ತಿದ್ದ. ಆ ಚಿಕ್ಕ ದನಿಯಲ್ಲಿ ಅವಸರವಿರಲಿಲ್ಲ, ಹೊಗಳಿಕೆಯೂ ಇರಲಿಲ್ಲ. ಇಲ್ಲೇ ಇದ್ದೇನೆ, ಹೇಳು, ಅನ್ನುವಂತಿತ್ತು.

ಅಷ್ಟೇ ಸಾಕಾಯಿತು. ಕೊನೆ ಎಲ್ಲಿತ್ತೋ, ತಾನೇ ಎದ್ದು ಬಂತು!

“ಆಗ ಅಣ್ಣ ಹಗ್ಗ ಎಳೀಲಿಲ್ಲವಂತೆ,” ಅಂದಳು ಶರಣ್ಯ. “ಬಾವಿ ಕಟ್ಟೆ ಮೇಲೆ ಕೂತು ಕಥೆ ಹೇಳೋಕೆ ಶುರು ಮಾಡಿದನಂತೆ.”

“ಹೂಂ.”

“ಅವನು ಹೇಳಿದ್ದನ್ನೆಲ್ಲ ಒಂದು ದನಿ ಹಾಗೇ ತಿರುಗಿ ಹೇಳ್ತಿತ್ತಂತೆ. ಮಾತು ಮಾತೂ ಒಪ್ಪಿಸ್ತಿತ್ತಂತೆ.”

“ಹೂಂ...”

“ಆದ್ರೆ ಇನ್ನೊಂದು ದನಿ ಏನೂ ಒಪ್ಪಿಸ್ಲಿಲ್ಲ. ಅವನು ಉಸಿರು ತಗೊಳ್ಳೋಕೆ ನಿಲ್ಲಿಸಿದಾಗ, ಸರಿಯಾಗಿ ಆ ಜಾಗದಲ್ಲಿ, ಅಳ್ತಾ ಅಳ್ತಾನೇ, ಸಣ್ಣಗೆ...”

ಗೌರೀಶನ ಕಣ್ಣು ಹೊಳೆಯಿತು. “ಹೂಂ ಅಂತು!”

“ಹೂಂ ಅಂತು. ಬಾವೀಲಿದ್ದ ಆ ರೂಪವಿಲ್ಲದ ಜೀವಕ್ಕೆ ದನಿ ಕದಿಯೋಕೆ ಬರ್ತಿತ್ತು. ಕೇಳಿಸ್ಕೊಳ್ಳೋಕೆ ಬರ್ತಿರಲಿಲ್ಲ. ಅಣ್ಣ ಆ ಹೂಂ ಬಂದ ಕಡೆಗೆ ಹಗ್ಗ ಹಾಕಿದ. ಎಳೆದ. ಅಂಗೈ ಸುಲಿದರೂ ಎಳೆದ...”

ಪಕ್ಕದಿಂದ ಸೀಮೆಸುಣ್ಣದ ಒರಟು ಬೆರಳುಗಳು ಬಂದು ಅವಳ ಕೈ ಹಿಡಿದವು. ಅವಳು ಬಿಡಿಸಿಕೊಳ್ಳಲಿಲ್ಲ.

“ಹೆದರಿಕೆನಾ?” ಅಂತ ಪಿಸುಗುಟ್ಟಿದ.

“ಇಲ್ಲ. ಈಗಿಲ್ಲ. ಆದ್ರೂ ಬಿಡ್ಬೇಡಿ.”

“ಬಿಡಲ್ಲ. ಮುಂದೆ?”

“ಮುಂದೆ... ಚಿನ್ನಿ ಮೇಲೆ ಬಂದಳು.”

ಆಗ ಗೋಡೆಯ ಕಡೆಯಿಂದ, ಕಣ್ಣು ಮುಚ್ಚಿಕೊಂಡೇ, ನಿದ್ದೆ ಹೋಗಿರದ ಗಿರಿಜಾಂಬಾ ಅಜ್ಜಿ ಒಂದು ನಿಡಿದಾದ ಉಸಿರು ಬಿಟ್ಟಳು.

“ಹೂಂ,” ಅಂದಳು.