ಅರ್ಧ ಗಡ್ಡ, ಹದಿನೇಳನೇ ಸ್ಥಾನ

ಅವನ ಕತ್ತಿನ ಮೇಲೆ ಅವಳ ಕತ್ತಿಯಿತ್ತು!

ಲೋಕದ ಪ್ರೇಮಕಥೆಗಳೆಲ್ಲ ಕಣ್ಣಿಗೆ ಕಣ್ಣು ಕೂಡಿ ಶುರುವಾಗುತ್ತವೆ. ಅವೆಲ್ಲ ಸಪ್ಪೆ ಸಾಮಾನು! ಈ ಕಥೆ ಶುರುವಾದದ್ದು ಕ್ಷೌರದಂಗಡಿಯ ಕುರ್ಚಿಯಲ್ಲಿ, ಮುಖದ ತುಂಬ ನೊರೆ, ಬೀದಿಯ ತುಂಬ ಜಗಳ. ಆ ಜಗಳದ ಸದ್ದಿಗೆ ಮೂರು ಬೀದಿಯಾಚೆ ಮಲಗಿದ್ದ ನಾಯಿ ಎದ್ದು ಊರು ಬಿಟ್ಟಿತು. ನಂಬದವರು ಬೇಕಾದರೆ ಆ ನಾಯಿಯನ್ನೇ ಹುಡುಕಿ ಕೇಳಲಿ.

ಅವಳನ್ನು ಬೀದಿಯವರು ಕರೆಯುತ್ತಿದ್ದದ್ದು 'ಕತ್ತರಿ' ಎಂದು. ಕೈಯ ಕತ್ತರಿಗಿಂತ ನಾಲಿಗೆಯದು ಹರಿತವಾಗಿತ್ತು. ಅಪ್ಪನ ಕೈ ನಡುಗಲು ಶುರುವಾದ ಮೇಲೆ ಅಂಗಡಿಯ ಮೊದಲನೇ ಕುರ್ಚಿ ಅವಳ ಪಾಲಿಗೆ ಬಂದಿತ್ತು. ಎರಡನೇ ಕುರ್ಚಿ ಚಿಕ್ಕಪ್ಪನದು. ಅವನ ಕೈ ಎರಡನೇ ಕುರ್ಚಿಯಲ್ಲಿ ಕೆಲಸ ಮಾಡುತ್ತಿತ್ತು, ಕಣ್ಣು ಮಾತ್ರ ಸದಾ ಮೊದಲನೆಯದರ ಮೇಲೆ.

ಆ ಅಂಗಡಿಗೆ ಅಪ್ಪ ಹಾಕಿಕೊಟ್ಟ ಒಂದು ನೇಮವಿತ್ತು. ಇಂಗ್ಲೆಂಡಿನ ದೊಡ್ಡ ಫುಟ್‌ಬಾಲ್ ಲೀಗ್ ಶುರುವಾಗುವ ಮುಂಚೆ, ದೊಡ್ಡ ಕನ್ನಡಿಯ ಮೇಲೆ ಸಾಬೂನಿನ ತುಂಡಿನಿಂದ ಭವಿಷ್ಯ ಬರೆಯಬೇಕು. ಯಾರು ಗೆಲ್ಲುತ್ತಾರೆ, ಯಾರು ಇಳಿಯುತ್ತಾರೆ, ಯಾವ ಕೋಚ್ ಚಳಿಗಾಲಕ್ಕೆ ಮುಂಚೆ ಮನೆಗೆ ಹೋಗುತ್ತಾನೆ... ಒಪ್ಪಿದ ಗಿರಾಕಿ ನೊರೆಯಲ್ಲಿ ಹೆಬ್ಬೆರಳು ಅದ್ದಿ ಆ ಸಾಲಿನ ಪಕ್ಕ ಒತ್ತಬೇಕು. ಮೊದಲ ಪಂದ್ಯದ ಸೀಟಿ ಊದುವಷ್ಟರಲ್ಲಿ ಒಂದು ಹೆಬ್ಬೆಟ್ಟೂ ಬೀಳದ ಸಾಲನ್ನು ಒರೆಸಿಹಾಕಬೇಕು. ಮನೆಯವರ ಹೆಬ್ಬೆಟ್ಟು ಲೆಕ್ಕಕ್ಕಿಲ್ಲ.

ಈ ಸಲ ಕನ್ನಡಿಯಲ್ಲಿ 'ಆಕಾಶನೀಲಿಯವರು ಗೆಲ್ತಾರೆ' ಅನ್ನುವ ಸಾಲಿನ ಪಕ್ಕ ಹೆಬ್ಬೆಟ್ಟುಗಳ ಜಾತ್ರೆ. 'ಕೆಂಪಂಗಿಯವರ ಕೋಚ್ ಮೊದಲು ಮನೆಗೆ' ಅನ್ನುವುದಕ್ಕೆ ಜಾಗವೇ ಉಳಿದಿರಲಿಲ್ಲ.

ಕೊನೆಯ ಸಾಲು ಮಾತ್ರ ಬೋಳು.

'ಗುಬ್ಬಿಗಳು ಇಳಿಯಲ್ಲ!'

ಗುಬ್ಬಿಗಳೆಂದರೆ ಕಂದು ಅಂಗಿಯ ಬಡಪಾಯಿ ತಂಡ. ಅಪ್ಪ ಹುಡುಗನಾಗಿದ್ದಾಗಿನಿಂದ ಕೆಳಗಿನ ದರ್ಜೆಗಳಲ್ಲಿ ಧೂಳು ಕುಡಿಯುತ್ತಿದ್ದ ತಂಡ. ಅಪ್ಪ ಪ್ರತಿ ವರ್ಷ 'ಮೇಲೆ ಬರ್ತಾರೆ' ಎಂದು ಬರೆಯುತ್ತಿದ್ದ, ಪ್ರತಿ ವರ್ಷ ತಾನೇ ಒರೆಸುತ್ತಿದ್ದ. ಈಗ ನಿಜವಾಗಿಯೂ ಮೇಲೆ ಬಂದಿದ್ದರು! ಇಪ್ಪತ್ತು ತಂಡಗಳ ಲೀಗಿನಲ್ಲಿ ಕೊನೆಯ ಮೂರು ತಂಡ ಮತ್ತೆ ಕೆಳಗಿಳಿಯಬೇಕು. ಗುಬ್ಬಿಗಳು ಇಳಿಯುವುದು ಖಂಡಿತ ಎಂದು ಇಡೀ ಜಗತ್ತೇ ಹೇಳುತ್ತಿತ್ತು.

"ಇಡೀ ಜಗತ್ತು ನನ್ನ ಕುರ್ಚೀಲಿ ಕೂರಲಿ, ತಲೆ ಬೋಳಿಸಿ ಕಳಿಸ್ತೀನಿ" ಎಂದಿದ್ದಳು ಅವಳು.

"ಲೇ, ಮಾತಲ್ಲಿ ಬೇಡ" ಎಂದು ಚಿಕ್ಕಪ್ಪ ಕೆಣಕಿದ್ದ. "ಗುಬ್ಬಿ ಸಾಲಿಗೆ ಒಂದೇ ಒಂದು ಹೆಬ್ಬೆಟ್ಟು ತರಿಸು ನೋಡೋಣ. ಬೀಳ್ಲಿಲ್ಲವೋ, ನಿನ್ನ ಕೈಯಾರೆ ಒರೆಸಿ, ಮೊದಲನೇ ಕುರ್ಚಿಯಿಂದ ಇಳೀಬೇಕು."

"ಬಿದ್ದರೆ?"

"ಆ ಕುರ್ಚಿ ವಿಷಯದಲ್ಲಿ ಇನ್ನು ತುಟಿ ಪಿಟಕ್ ಅನ್ನಲ್ಲ."

"ಆಯ್ತು, ಬರ್ಕೊಳ್ಳಿ ಚಿಕ್ಕಪ್ಪ!"

ಬಾಯಿ ಹೇಳಿಬಿಟ್ಟಿತ್ತು. ಮನಸ್ಸು ಆಮೇಲೆ ಲೆಕ್ಕ ಹಾಕಿತು. 'ಅಪ್ಪನ ಕುರ್ಚಿ... ಅಪ್ಪನ ಕಣ್ಣೆದುರೇ ಹೋದರೆ?'

ಅಂಥ ಹೊತ್ತಿನಲ್ಲಿ ಬಂದ ಅವನು. ಆ ದಾರಿಯ ಬಸ್ಸಿಗೆ ಹೊಸದಾಗಿ ಬಂದ ಕಂಡಕ್ಟರ್. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಇಡೀ ಬಸ್ಸಿಗೆ ಹಂಚಿದರೂ ಮಿಗುವಷ್ಟು ನಗು.

"ಗಡ್ಡ" ಎಂದ.

"ಕಾಣ್ತಿದೆ" ಎಂದಳು.

ಬಲಗೆನ್ನೆ ಮುಗಿಯಿತು. ಅವಳ ಕೈ ಅಷ್ಟು ಹಗುರ, ನೊಣಕ್ಕೂ ಗೊತ್ತಾಗದಂತೆ ಅದರ ಮೀಸೆ ತೆಗೆಯಬಲ್ಲಳು! ಅವನು ಕನ್ನಡಿಯಲ್ಲಿ ಸಾಲುಗಳನ್ನು ಓದುತ್ತಿದ್ದ. ಅವಳು ಅವನನ್ನು ಓದುತ್ತಿದ್ದಳು... 'ರೆಪ್ಪೆ ಇಷ್ಟುದ್ದ ಯಾಕೆ ಬೇಕು ಗಂಡಸಿಗೆ?'

ಮೂಗಿನ ತುದಿ ಹಿಡಿದೆತ್ತಿ, ಮೇಲ್ದುಟಿಯ ಮೇಲೆ ಕತ್ತಿ ಇಟ್ಟಳು. ಸರಿಯಾಗಿ ಆಗಲೇ ಬೆಂಚಿನ ಮೇಲಿದ್ದ ದರ್ಜಿ ಬಾಯಿ ಹಾಕಿದ.

"ಕಂಡಕ್ಟರೇ, ಆ ಗುಬ್ಬಿಗಳ ಕಥೆ ಏನಂತೀರಿ?"

ಕತ್ತಿಯ ಕೆಳಗಿನಿಂದ, ನೊರೆಯ ಒಳಗಿನಿಂದ, ಅವನ ಮಾತು ಬಂತು.

"ಇಳಿಯಲಿ!"

ಅಂಗಡಿ ಘೊಳ್ಳೆಂದು ನಕ್ಕಿತು. ಚಿಕ್ಕಪ್ಪ ಎರಡನೇ ಕುರ್ಚಿಯ ಹಿಂದೆ ಕುಣಿದೇಬಿಟ್ಟ. ಅವಳ ಸಿಟ್ಟಿಗೆ ಮೂಲೆಯ ತಣ್ಣೀರು ಕುದಿಯಿತು!

"ಏಳ್ರೀ ಮೇಲೆ!"

"ಏನಾಯ್ತು? ಎಡಗಡೆ ಇನ್ನೂ..."

"ಏನಂದ್ರಿ ಈಗ? ಆ ಮಾತು ವಾಪಸ್ ತಗೊಳ್ತೀರೋ ಇಲ್ವೋ?"

ಅವನ ನಗು ಮಾಯವಾಯಿತು. ಎದ್ದು ನಿಂತ. "ಯಾಕ್ರೀ ತಗೋಬೇಕು? ಗುಬ್ಬಿ ವಿಷಯದಲ್ಲಿ ನಾನು ಹೇಳಿದ್ದು ಹೇಳಿದ್ದೇ. ಯಾರು ಹೆದರಿಸಿದ್ರೂ ಅಷ್ಟೇ!"

"ಹಾಗಾದ್ರೆ ಆಚೆ!"

ಬಲಗಡೆ ನುಣ್ಣಗೆ, ಎಡಗಡೆ ಕಾಡು. ಹಾಗೇ ಹೋದ ಅವನು. ಹೋಗುವಾಗ ಬಾಗಿಲಲ್ಲಿ ತಿರುಗಿ ಒಂದು ಮಾತು ಹೇಳಿದ.

"ನೀವು ಶುರು ಮಾಡಿದ್ದು. ನೀವೇ ಮುಗಿಸ್ಬೇಕು. ಬೇರೆ ಯಾರ ಕತ್ತಿಗೂ ಈ ಗಡ್ಡ ಕೊಡಲ್ಲ!"

'ಕೊಡದಿದ್ದರೆ ಜಡೆ ಹಾಕಿಕೋ' ಎಂದುಕೊಂಡಳು. ಆದರೆ ಆ ದಿನವೆಲ್ಲ ಕೈಯಲ್ಲಿ ಏನೋ ಅಪೂರ್ಣ... ಅರ್ಧಕ್ಕೆ ಬಿಟ್ಟ ಕೆಲಸ ಅವಳ ಜನ್ಮದಲ್ಲೇ ಇರಲಿಲ್ಲ.

ಆಡಿದಂತೆ ನಡೆದುಕೊಂಡ ಮಹಾನುಭಾವ! ಎಡಗೆನ್ನೆಯ ಗಡ್ಡ ಬೆಳೆಯಿತು, ಬೆಳೆಯಿತು... ಗಾಳಿ ಬೀಸಿದರೆ ಬಸ್ಸು ಎಡಕ್ಕೆ ವಾಲುತ್ತಿತ್ತು. ಬಲಗೆನ್ನೆಯನ್ನು ಮಾತ್ರ ದಿನಾ ತಾನೇ ಕೆರೆದು, ಅವಳು ಬಿಟ್ಟ ಹಾಗೇ ಕಾಪಾಡಿಕೊಂಡ. ಮೇಲಧಿಕಾರಿ ಬೈದ. ಮಕ್ಕಳು ಬೆರಳು ತೋರಿಸಿದರು. ಅವನು ಜಪ್ಪಯ್ಯ ಅನ್ನಲಿಲ್ಲ.

ಕತ್ತಿ ಸಾಣೆ ಹಿಡಿಸಲು ಪೇಟೆಗೆ ಹೊರಟವಳಿಗೆ ಸಿಕ್ಕಿದ್ದೂ ಅದೇ ಬಸ್ಸು. ಹತ್ತಬಾರದು ಎಂದುಕೊಂಡಳು. ಕಾಲು ಹತ್ತಿಬಿಟ್ಟಿತು.

"ಇಳಿಯಲಿ, ಇಳಿಯಲಿ! ಮೊದಲು ಇಳಿಯೋರು ಇಳಿಯಲಿ, ಆಮೇಲೆ ಹತ್ತೋರು ಹತ್ತಲಿ!" ಅವನು ಬಾಗಿಲಲ್ಲಿ ಕೂಗುತ್ತಿದ್ದ.

'ಈ ಮನುಷ್ಯನಿಗೆ ಬೇರೆ ಮಾತೇ ಬರಲ್ವಾ!'

ಅವನು ಹತ್ತಿರ ಬಂದ. ಹಿಂದಿನ ಸೀಟಿನ ಅಜ್ಜಿ ತಡೆಯಲಾರದೆ ಕೇಳಿದಳು. "ಅಪ್ಪಾ, ಅದ್ಯಾರೋ ನಿನ್ನ ಮುಖ ಹಾಗೆ ಅರ್ಧ ಕುಯ್ಲು ಮಾಡಿದ್ದು?"

"ಇಲ್ಲೇ ಕೂತಿದಾರೆ ಅಜ್ಜಿ, ಬೆಳೆ ನೋಡೋಕೆ ಬಂದಿದಾರೆ."

ಬಸ್ಸೆಲ್ಲ ಇವಳ ಕಡೆ ತಿರುಗಿತು. ಕೆನ್ನೆ ಕೆಂಪಾಯಿತು, ಆದರೆ ಕತ್ತರಿ ಮೊಂಡಾಗಲಿಲ್ಲ.

"ಟಿಕೆಟ್ ಕೊಡಿ. ಮಾತು ಬೇಡ."

"ಮುಗಿಸೋದು ಯಾವಾಗ?"

"ಗುಬ್ಬಿ ಬಗ್ಗೆ ಅಂದ ಮಾತು ವಾಪಸ್ ತಗೊಂಡ ದಿನ."

"ಸತ್ತರೂ ಇಲ್ಲ" ಎಂದ ಅವನು. ಈಗ ಅವನ ದನಿಯಲ್ಲಿ ನಗುವಿರಲಿಲ್ಲ. "ನಮ್ಮಣ್ಣನ ಜೊತೆ ಸಣ್ಣವನಿದ್ದಾಗಿಂದ ಆ ತಂಡ ನೋಡ್ಕೊಂಡು ಬಂದೋನು ನಾನು. ಊರೆಲ್ಲ ನಗ್ತಾರೆ ಅಂತ ಮಾತು ಬದಲಾಯಿಸಲಾ? ನಿಮ್ಮಂಥೋರೇ ಹೀಗಂದ್ರೆ ಹೇಗ್ರೀ?"

ಅವಳಿಗೆ ಗೊಂದಲವಾಯಿತು. ಸಣ್ಣವನಿದ್ದಾಗಿಂದ ನೋಡಿದವನಿಗೆ ಇಷ್ಟು ದ್ವೇಷವೇ? ಕೇಳಬೇಕೆಂದು ಬಾಯಿ ತೆರೆದಳು. ಡ್ರೈವರ್ ಬ್ರೇಕ್ ಹಾಕಿದ, ಜನ ನುಗ್ಗಿದರು, ಅವನು ಮತ್ತೆ ಬಾಗಿಲಿಗೆ ಓಡಿದ.

"ಇಳಿಯಲಿ, ಇಳಿಯಲಿ!"

ಇಳಿದಳು. ಮನಸ್ಸು ಮಾತ್ರ ಬಸ್ಸಿನಲ್ಲೇ ಕೂತು ಮುಂದಿನ ಸ್ಟಾಪಿಗೆ ಹೋಗಿಬಿಟ್ಟಿತು.

ಮೊದಲ ಪಂದ್ಯದ ದಿನ ಬಂದೇಬಂತು. ಅಂಗಡಿಯಲ್ಲಿ ಸೂಜಿ ಹಾಕಿದರೆ ಯಾರದಾದರೂ ತಲೆಗೆ ಚುಚ್ಚಬೇಕು, ಅಷ್ಟು ಜನ! ಹಲ್ಲುನೋವಿನಿಂದ ಇಷ್ಟು ದಿನ ಮನೆಯಲ್ಲೇ ಇದ್ದ ಅಪ್ಪನೂ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದ. ಟಿವಿಯಲ್ಲಿ ಕಂದು ಅಂಗಿಯವರು ಮೈದಾನಕ್ಕೆ ಬರುತ್ತಿದ್ದರು.

ಗುಬ್ಬಿ ಸಾಲು ಇನ್ನೂ ಬೋಳು.

ಅವಳು ಬಂದವರನ್ನೆಲ್ಲ ಕೇಳಿ ಸೋತಿದ್ದಳು. "ಅವರ ಗೋಲ್‌ಕೀಪರ್ ನೋಡಿದೀರಾ? ಕೈ ಚಾಚಿದ್ರೆ ಎರಡು ಕಂಬಾನೂ ಮುಟ್ತಾನೆ! ಸ್ವಂತ ಮೈದಾನದಲ್ಲಿ ಅವರು ಸೋತಿದ್ದನ್ನ ಯಾರಾದ್ರೂ ಇತ್ತೀಚೆಗೆ ಕಂಡಿದೀರಾ?" ಎಲ್ಲರೂ ತಲೆ ಕೊಟ್ಟರು, ಹೆಬ್ಬೆಟ್ಟು ಕೊಡಲಿಲ್ಲ.

"ತಗೋ" ಎಂದು ಚಿಕ್ಕಪ್ಪ ಒದ್ದೆ ಬಟ್ಟೆ ಚಾಚಿದ. "ಒರೆಸು."

"ಸೀಟಿ ಊದಿಲ್ಲ ಇನ್ನೂ."

"ಹಠ ನೋಡು! ಅಪ್ಪನದೇ ಅಚ್ಚು."

"ಅದನ್ನ ಬೈಗುಳ ಅಂದ್ಕೊಂಡ್ರಾ ಚಿಕ್ಕಪ್ಪ?"

ಅಪ್ಪನ ನಡುಗುವ ಕೈ ಮೊಣಕಾಲನ್ನು ಹಿಡಿದುಕೊಂಡಿತು. "ಮಗಳೇ... ಕುರ್ಚಿ ಹೋದ್ರೆ ಹೋಗಲಿ. ಕಣ್ಣಲ್ಲಿ ನೀರು ತರ್ಬೇಡ."

"ನೊರೆ ಬಿತ್ತು ಅಪ್ಪ, ಅಷ್ಟೇ!"

ಆಗ ಬಾಗಿಲು ತೆರೆಯಿತು. ಮೊದಲು ಗಡ್ಡ ಒಳಗೆ ಬಂತು, ಹಿಂದಿನಿಂದ ಅವನು. ಸಮವಸ್ತ್ರದಲ್ಲೇ ಓಡಿ ಬಂದಿದ್ದ, ಏದುಸಿರು. ಯಾರನ್ನೂ ಕೇಳದೆ ಮೊದಲನೇ ಕುರ್ಚಿಯಲ್ಲಿ ಕೂತ.

"ಮುಗಿಸಿ."

"ಮಾತು ವಾಪಸ್..."

"ತಗೊಳ್ಳಲ್ಲ. ಆದ್ರೂ ಮುಗಿಸಿ. ಇವತ್ತಿನ ಪಂದ್ಯ ಅರ್ಧ ಮುಖದಲ್ಲಿ ನೋಡೋಕಾಗಲ್ಲ."

ಅವಳು ಕತ್ತಿ ತೆಗೆದುಕೊಂಡಳು. 'ಈ ಕುರ್ಚಿಯಲ್ಲಿ ಇದೇ ಕೊನೇ ಕೆಲಸವಾದರೆ, ಅರ್ಧ ಬಿಡಬಾರದು.' ನೊರೆ ಹಚ್ಚಿದಳು. ಎಡಗೆನ್ನೆಯ ಕಾಡು ಉರುಳಿತು, ನೆಲದ ಮೇಲೆ ಒಂದು ಹಾಸಿಗೆಗಾಗುವಷ್ಟು! ಕೊನೆಗೆ ಮೂಗು ಹಿಡಿದೆತ್ತಿ ತುಟಿಯ ಮೇಲೆ ಕತ್ತಿಯಿಟ್ಟಳು.

"ಹೇಳಿ ಈಗ, ಎಲ್ಲರೆದುರು. ನಮ್ಮಪ್ಪನ ಮುಖ ನೋಡಿ ಹೇಳಿ. ಗುಬ್ಬಿಗಳು?"

"ಇಳಿಯಲಿ!"

"ಕೇಳ್ತಾ, ಅಪ್ಪಾ? ಕೇಳ್ತಾ?" ಅವಳು ಅಪ್ಪನ ಕಡೆ ತಿರುಗಿದಳು.

ಅಪ್ಪ ಎದ್ದು ನಿಂತಿದ್ದ. ಅವನ ಮುಖದಲ್ಲಿ ವಿಚಿತ್ರವಾದ ನಗು.

"ಮಗಳೇ, ಕತ್ತಿ ತೆಗಿ."

"ಯಾಕಪ್ಪಾ?"

"ತೆಗಿಯೇ, ಪೆದ್ದಿ! ತುಟಿ ಮೇಲೆ ಕತ್ತಿ ಇರೋವಾಗ ಯಾವ ಗಂಡಸು ಬಾಯಿ ತೆರೀತಾನೆ? 'ಅ' ಅನ್ನೋಕೆ ಹೋದ್ರೆ ತುಟಿ ಕುಯ್ಯುತ್ತೆ, ಹಲ್ಲು ಕಚ್ಕೊಂಡು 'ಇ' ಅಂತಾರೆ. ನನ್ನ ಜನ್ಮವೆಲ್ಲ, ಗಿರಾಕಿ 'ಬೇಡ' ಅಂದಿದ್ದೂ 'ಬೇಡಿ' ಅಂತಾನೇ ಕೇಳಿಸಿದೆ!"

ಅವಳ ಕೈ ತಾನಾಗಿ ಕೆಳಗಿಳಿಯಿತು. ಮೂಗು ಬಿಟ್ಟಳು.

ಅವನು ಬಾಯಿ ತೆರೆದ, ಟಿವಿಯೊಳಗಿನ ಮೈದಾನಕ್ಕೂ ಕೇಳಿಸುವಂತೆ.

"ಇಳಿಯಲ್ಲ! ಆವತ್ತೂ ಅದೇ ಅಂದೆ! ಗುಬ್ಬಿಗಳು ಇಳಿಯಲ್ಲ! ಇದನ್ನ ವಾಪಸ್ ತಗೋ ಅಂತ ಎಷ್ಟು ಪೀಡಿಸಿದ್ರಲ್ಲ ನೀವು!"

ಇಷ್ಟು ದಿನ ಒಂದೇ ಮಾತಿಗಾಗಿ ಇಬ್ಬರೂ ಒಬ್ಬರನ್ನೊಬ್ಬರು ಬೈದಿದ್ದರು!

"ಎಷ್ಟನೇ ಸ್ಥಾನ?" ಎಂದಳು ಅವಳು, ಉಸಿರಿನಷ್ಟೇ ಮೆಲ್ಲಗೆ. ನಿಜವಾದ ಅಭಿಮಾನಿಯೋ ಅಲ್ಲವೋ, ಈ ಪ್ರಶ್ನೆಗೆ ಗೊತ್ತಾಗಿಬಿಡುತ್ತದೆ.

"ಹದಿನೇಳು" ಎಂದ ಅವನು.

ಕೇಳಿಸಿಕೊಂಡವಳ ಬಾಯಲ್ಲೂ ಅದೇ ಇತ್ತು. ಹದಿನೆಂಟಕ್ಕೆ ಬಿದ್ದವರು ಇಳಿಯುತ್ತಾರೆ. ಹದಿನೇಳಕ್ಕೆ ಉಗುರು ಕಚ್ಚಿ ಜೋತುಬಿದ್ದವರು ಉಳಿಯುತ್ತಾರೆ. ದೊಡ್ಡ ತಂಡದವರಿಗೆ ಅದು ಅವಮಾನ. ಗುಬ್ಬಿಯವರಿಗೆ ಅದೇ ಸ್ವರ್ಗ!

ಅವನು ಕೆನ್ನೆಯ ನೊರೆಗೆ ಹೆಬ್ಬೆರಳು ಅದ್ದಿದ. ಎದ್ದು, ಕನ್ನಡಿಯ ಕೊನೆಯ ಸಾಲಿನ ಪಕ್ಕ ಒತ್ತಿದ.

ಟಿವಿಯಲ್ಲಿ ಸೀಟಿ ಮೊಳಗಿತು.

ಚಿಕ್ಕಪ್ಪ ಒದ್ದೆ ಬಟ್ಟೆಯಿಂದ ತನ್ನ ಮುಖವನ್ನೇ ಒರೆಸಿಕೊಂಡು ಎರಡನೇ ಕುರ್ಚಿಯ ಹಿಂದೆ ಹೋಗಿ ನಿಂತ. ತುಟಿ ಪಿಟಕ್ ಅನ್ನಲಿಲ್ಲ.

ಆ ಪಂದ್ಯದಲ್ಲಿ ಗುಬ್ಬಿಗಳು ಗೆದ್ದರು ಎಂದು ಹೇಳಲು ನಾಲಿಗೆ ತುರಿಸುತ್ತಿದೆ. ಆದರೆ ನೂರು ಜನ ನೋಡಿದ್ದಾರೆ. ಸೋತರು! ಅದೂ ನಾಲ್ಕು ಗೋಲು! ಗೋಲ್‌ಕೀಪರ್ ಎರಡೂ ಕಂಬ ಮುಟ್ಟಿದ, ಚೆಂಡೊಂದನ್ನು ಬಿಟ್ಟು.

"ಏನಮ್ಮ ಕತ್ತರಿ, ಈಗಲಾದ್ರೂ ಒರೆಸ್ತೀಯಾ?" ಎಂದ ದರ್ಜಿ.

"ಇನ್ನೂ ಮೂವತ್ತೇಳು ಪಂದ್ಯ ಇದೆ" ಎಂದು ಎರಡು ದನಿ ಒಟ್ಟಿಗೆ ಬಂದವು.

ಜನ ಕರಗಿದರು. ಅಪ್ಪ ಚಿಕ್ಕಪ್ಪನನ್ನು ಚಹಾದ ನೆಪ ಹೇಳಿ ಎಳೆದುಕೊಂಡು ಹೋದ. ಸಂಜೆಯ ಬಿಸಿಲು ಕನ್ನಡಿಯ ಹೆಬ್ಬೆಟ್ಟಿನ ಮೇಲೆ ಬಿದ್ದಿತ್ತು.

ಅವಳು ಅವನ ಕೆನ್ನೆಯಲ್ಲಿ ಉಳಿದ ನೊರೆಯನ್ನು ಟವೆಲಿನಿಂದ ಒರೆಸಿದಳು. ಒರೆಸಿ ಮುಗಿದ ಮೇಲೂ ಕೈ ಅಲ್ಲೇ ಇತ್ತು.

"ಕೇಳದೇ ಆಚೆ ಹಾಕಿದೆ. ಬೇಜಾರಾಯ್ತಾ?"

"ಆಯ್ತು. ಆದ್ರೆ ಕನ್ನಡಿ ನೋಡಿದಾಗೆಲ್ಲ ನೀವೇ ನೆನಪಾಗೋ ಹಾಗೆ ಮಾಡಿ ಕಳಿಸಿದ್ರಲ್ಲ... ಒಂದು ಕಡೆ ನೀವು ಮುಟ್ಟಿದ್ದು, ಇನ್ನೊಂದು ಕಡೆ ನೀವು ಮುಟ್ಟಬೇಕಾದದ್ದು."

ಕತ್ತರಿಯ ನಾಲಿಗೆ ಮೊದಲ ಸಲ ಮೊಂಡಾಯಿತು.

"ಒಂದು ಕೇಳಲಾ?" ಎಂದ ಅವನು. "ನಿಮ್ಮ ಮನಸ್ಸಲ್ಲಿ ನನಗೆ ಎಷ್ಟನೇ ಸ್ಥಾನ?"

ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟಳು.

"ಹದಿನೇಳು."

ಬೇರೆ ಯಾರೇ ಆಗಿದ್ದರೂ ಎದ್ದು ಹೋಗುತ್ತಿದ್ದರು. ಅವನ ಕಣ್ಣು ತುಂಬಿ ಬಂತು.

"ಅಂದ್ರೆ... ಇಳಿಸಲ್ಲ ತಾನೇ?"

"ದಿನವೆಲ್ಲ ಊರಿಗೆಲ್ಲ 'ಇಳೀರಿ' ಅನ್ನೋದು ನೀವು. ನನಗೆ ಯಾವತ್ತಾದ್ರೂ ಹಾಗಂತೀರಾ?"

"ಕೊನೇ ಸ್ಟಾಪ್ ಬಂದ್ರೂ ಅನ್ನಲ್ಲ. ಬಸ್ ಡಿಪೋಗೆ ಹೋದ್ರೂ ಅನ್ನಲ್ಲ. ನೀವಾಗೇ ಇಳೀತೀರಾ ಹೇಗೆ?"

ಅವಳು ಕತ್ತಿಯನ್ನು ಮಡಚಿ ದೂರ ಇಟ್ಟಳು. ಬಾಯಿ ತುಂಬ ತೆರೆದು, ಒಂದಕ್ಷರವೂ ತಪ್ಪಿ ಕೇಳಿಸದ ಹಾಗೆ ಹೇಳಿದಳು.

"ಇಳಿಯಲ್ಲ!"